ಗಿಡಗಳ ಡಾಕ್ಟರು ಜಾರ್ಜ್ ವಾಷಿಂಗ್ಟನ್ ಕಾರ್ವರ್

ಕಡಲೆಕಾಯಿ ಗಿಡವನ್ನು ಬೇರುಸಹಿತ ಕಿತ್ತು ನೋಡಿದ್ದೀರಾ? ಉತ್ತರ ಕರ್ನಾಟಕದ ಮಕ್ಕಳಿಗೆ ಶೇಂಗಾ ಎಂದರೆ ಬೇಗ ತಿಳಿಯುತ್ತದೆ. ಹೊಲದವರನ್ನು ಕೇಳಿ, ಹೂ ಬಿಟ್ಟಿರುವ ಒಂದು ಗಿಡವನ್ನು ಆರಿಸಿಕೊಳ್ಳಿ. ಸುತ್ತಲಿನ ಮಣ್ಣು ಸಡಿಲಿಸಿ, ಮೆಲ್ಲಗೆ ಎತ್ತಿ, ಬೇರನ್ನು ನೀರಿನಲ್ಲಿ ಅದ್ದಿ ತೊಳೆಯಿರಿ. ಬೇರಿನ ಉದ್ದಕ್ಕೂ ಸಾಸಿವೆ ಕಾಳಿನಂಥ ಸಣ್ಣ ಸಣ್ಣ ಗಂಟುಗಳು ಕಾಣುತ್ತವೆ. ಒಂದು ಗಂಟನ್ನು ಉಗುರಿನಿಂದ ಸೀಳಿ. ಒಳಗೆ ನಸುಗೆಂಪು ಬಣ್ಣವಿದ್ದರೆ ಆ ಗಂಟು ಕೆಲಸ ಮಾಡುತ್ತಿದೆ ಎಂದು ತಿಳಿಯಿರಿ.

ಏನು ಕೆಲಸ? ನಾವು ಉಸಿರಾಡುವ ಗಾಳಿಯಲ್ಲಿ ನೂರಕ್ಕೆ 78 ಪಾಲು ಸಾರಜನಕ ಇದೆ. ಗಿಡಗಳಿಗೆ ಸಾರಜನಕ ಬೇಕೇ ಬೇಕು. ಆದರೆ ಗಾಳಿಯಲ್ಲಿರುವುದನ್ನು ಅವು ನೇರವಾಗಿ ಬಳಸಲಾರವು. ಮನೆಯ ತುಂಬ ಭತ್ತವಿದ್ದು ಕುಟ್ಟಲು ಒನಕೆ ಇಲ್ಲದಂತೆ! ಕಡಲೆಕಾಯಿ, ಅಲಸಂದೆ, ಹೆಸರು, ತೊಗರಿ ಮುಂತಾದ ದ್ವಿದಳ ಧಾನ್ಯದ ಗಿಡಗಳು ಇದಕ್ಕೊಂದು ಉಪಾಯ ಮಾಡಿಕೊಂಡಿವೆ. ಅವುಗಳ ಬೇರುಗಂಟುಗಳಲ್ಲಿ ರೈಜೋಬಿಯಂ ಎಂಬ ಬ್ಯಾಕ್ಟೀರಿಯಗಳು ವಾಸಿಸುತ್ತವೆ. ಅವು ಗಾಳಿಯ ಸಾರಜನಕವನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತರುತ್ತವೆ. ಪ್ರತಿಯಾಗಿ ಗಿಡ ಅವುಗಳಿಗೆ ಸಕ್ಕರೆ ಕೊಡುತ್ತದೆ. ರಾಗಿ ಹೊಲದಲ್ಲಿ ನಮ್ಮ ರೈತರು ಅವರೆ, ತೊಗರಿಯ ಅಕ್ಕಡಿ ಸಾಲು ಹಾಕುವುದನ್ನು ನೀವು ನೋಡಿರಬಹುದು. ಅದರ ಗುಟ್ಟುಗಳಲ್ಲಿ ಇದೂ ಒಂದು.

ಈ ಪುಟ್ಟ ಗಂಟನ್ನು ನಂಬಿಕೊಂಡು, ಸಾಲದಲ್ಲಿ ಮುಳುಗಿದ್ದ ಸಾವಿರಾರು ಬಡ ರೈತರ ನೆರವಿಗೆ ಹೊರಟ ಒಬ್ಬ ವಿಜ್ಞಾನಿಯ ಕಥೆಯನ್ನು ಈಗ ಓದಿ. ಅವರು ಅಮೆರಿಕದವರು. ಹೆಸರು ಜಾರ್ಜ್ ವಾಷಿಂಗ್ಟನ್ ಕಾರ್ವರ್. ಹುಟ್ಟಿದ್ದು ಗುಲಾಮರಾಗಿ.

ಅಮೆರಿಕದ ಮಿಸೌರಿ ರಾಜ್ಯದಲ್ಲಿ ಡೈಮಂಡ್ ಎಂಬ ಊರು ಇದೆ. ಅಲ್ಲಿ ಮೋಸೆಸ್ ಕಾರ್ವರ್ ಎಂಬ ಬಿಳಿಯ ರೈತ ಇದ್ದ. 1855ರಲ್ಲಿ ಅವನು ಮೇರಿ ಎಂಬ ಹುಡುಗಿಯನ್ನು 700 ಡಾಲರಿಗೆ ಕೊಂಡುಕೊಂಡ. ಸಂತೆಯಲ್ಲಿ ಎತ್ತು ಕೊಂಡ ಹಾಗೆ! ಆ ಕಾಲದಲ್ಲಿ ಆಫ್ರಿಕಾ ಮೂಲದ ಕಪ್ಪು ಜನರನ್ನು ಅಲ್ಲಿ ಹೀಗೆ ಮಾರುತ್ತಿದ್ದರು, ಕೊಳ್ಳುತ್ತಿದ್ದರು. ಮೇರಿಯ ಮಗನೇ ಜಾರ್ಜ್. ಅವನು ಹುಟ್ಟಿದ್ದು 1864ರ ಸುಮಾರಿಗೆ. ಗುಲಾಮರ ಮಕ್ಕಳ ಹುಟ್ಟಿದ ದಿನವನ್ನು ಯಾರು ಬರೆದಿಡುತ್ತಾರೆ? ಮಗು ಇನ್ನೂ ಎಳೆಯದಾಗಿದ್ದಾಗ ದರೋಡೆಕೋರರು ತಾಯಿ ಮಗು ಇಬ್ಬರನ್ನೂ ಹೊತ್ತೊಯ್ದರು. ಮೋಸೆಸ್ ಹುಡುಕಲು ಒಬ್ಬನನ್ನು ಕಳುಹಿಸಿದ. ಮಗು ಮಾತ್ರ ಸಿಕ್ಕಿತು. ಅದನ್ನು ತಂದುಕೊಟ್ಟದ್ದಕ್ಕೆ ಮೋಸೆಸ್ ಒಂದು ಕುದುರೆ ಕೊಟ್ಟ. ತಾಯಿ ಮೇರಿ ಮತ್ತೆಂದೂ ಸಿಗಲಿಲ್ಲ.

1865ರಲ್ಲಿ ಗುಲಾಮಗಿರಿ ಕೊನೆಗೊಂಡಿತು. ಜಾರ್ಜ್ ಮತ್ತು ಅವನ ಅಣ್ಣ ಜಿಮ್ ಇಬ್ಬರನ್ನೂ ಮೋಸೆಸ್ ಮತ್ತು ಅವನ ಹೆಂಡತಿ ಸೂಸನ್ ಮನೆಯಲ್ಲೇ ಇಟ್ಟುಕೊಂಡು ಬೆಳೆಸಿದರು. ನಾಯಿಕೆಮ್ಮಿನಿಂದ ನರಳಿದ್ದ ಜಾರ್ಜ್ ತೀರ ಸೊರಗಿದ್ದ. ಹೊಲದ ಕೆಲಸ ಅವನಿಂದ ಆಗುತ್ತಿರಲಿಲ್ಲ. ಅಡುಗೆ, ಬಟ್ಟೆ ಒಗೆಯುವುದು, ಹೊಲಿಗೆ ಕಲಿತ. ಬಿಡುವು ಸಿಕ್ಕಾಗ ಕಾಡಿಗೆ ಓಡುತ್ತಿದ್ದ. ಅಲ್ಲಿ ಪೊದೆಗಳ ಮರೆಯಲ್ಲಿ ಯಾರಿಗೂ ಕಾಣದಂತೆ ಪುಟ್ಟದೊಂದು ತೋಟ ಮಾಡಿಕೊಂಡಿದ್ದ. ಬಾಡಿದ ಗಿಡಗಳನ್ನು ತಂದು ನೆಟ್ಟು, ಮಣ್ಣು ಬದಲಿಸಿ, ಬಿಸಿಲು ನೆರಳು ನೋಡಿ ಬದುಕಿಸುತ್ತಿದ್ದ. ನೆರೆಹೊರೆಯವರು ಒಣಗುತ್ತಿದ್ದ ಗಿಡಗಳನ್ನು ಅವನ ಬಳಿ ತರತೊಡಗಿದರು. ಗಿಡಗಳ ಡಾಕ್ಟರು ಎಂಬ ಹೆಸರು ಆಗಲೇ ಬಂತು.

ಹತ್ತಿರದ ಶಾಲೆಗೆ ಕಪ್ಪು ಮಕ್ಕಳನ್ನು ಸೇರಿಸುತ್ತಿರಲಿಲ್ಲ. ಕಪ್ಪು ಮಕ್ಕಳ ಶಾಲೆ ಇದ್ದದ್ದು ನಿಯೋಶೋ ಎಂಬ ಊರಿನಲ್ಲಿ, ಸುಮಾರು 13 ಕಿಲೋಮೀಟರ್ ದೂರ. ಹನ್ನೊಂದು ಹನ್ನೆರಡರ ಹುಡುಗ ಒಬ್ಬನೇ ನಡೆದು ಹೋದ. ಅಲ್ಲಿ ಮರಾಯ ವಾಟ್ಕಿನ್ಸ್ ಎಂಬ ಸೂಲಗಿತ್ತಿ ಅವನನ್ನು ಮನೆಗೆ ಸೇರಿಸಿಕೊಂಡಳು. ಗಿಡಮೂಲಿಕೆಗಳು ಅವಳಿಗೆ ಚೆನ್ನಾಗಿ ಗೊತ್ತಿದ್ದವು. ಅಲ್ಲಿಯವರೆಗೆ ಎಲ್ಲರೂ ಅವನನ್ನು ಕಾರ್ವರನ ಜಾರ್ಜ್ ಎಂದು ಕರೆಯುತ್ತಿದ್ದರು. ಇನ್ನು ಮುಂದೆ ಜಾರ್ಜ್ ಕಾರ್ವರ್ ಎಂದು ಹೇಳಿಕೊಳ್ಳಬೇಕೆಂದು ಅವಳು ತಿಳಿಸಿದಳು. ಯಾರದೋ ಸ್ವತ್ತಾಗಿದ್ದ ಹುಡುಗನಿಗೆ ಸ್ವಂತ ಹೆಸರು ಬಂದದ್ದು ಹೀಗೆ.

ಮುಂದಿನ ಹತ್ತು ಹನ್ನೆರಡು ವರ್ಷ ಅವನು ಊರೂರು ಅಲೆದ. ಬಟ್ಟೆ ಒಗೆದು, ಅಡುಗೆ ಮಾಡಿ, ಆ ದುಡ್ಡಿನಲ್ಲಿ ಓದಿದ. 1879ರಲ್ಲಿ ಕಾನ್ಸಾಸ್ ರಾಜ್ಯದ ಫೋರ್ಟ್ ಸ್ಕಾಟ್ ಊರಿನಲ್ಲಿ ಬಿಳಿಯರ ಗುಂಪೊಂದು ಕಪ್ಪು ಮನುಷ್ಯನೊಬ್ಬನನ್ನು ಕೊಂದದ್ದನ್ನು ಕಣ್ಣಾರೆ ಕಂಡ. ಹೆದರಿ ಆ ಊರು ಬಿಟ್ಟ. ಮುಂದೆ ಹೈಸ್ಕೂಲು ಮುಗಿಸಿ ಹೈಲ್ಯಾಂಡ್ ಎಂಬ ಕಾಲೇಜಿಗೆ ಅರ್ಜಿ ಹಾಕಿದ. ಬರಬಹುದೆಂದು ಅಂಚೆಯಲ್ಲಿ ಉತ್ತರ ಬಂತು. ಆದರೆ ಬಾಗಿಲಿಗೆ ಬಂದು ನಿಂತವನ ಬಣ್ಣ ನೋಡಿ ಸೇರಿಸಲಾಗದು ಎಂದುಬಿಟ್ಟರು. ಅಂಚೆಯ ಕಾಗದಕ್ಕೆ ಬಣ್ಣ ಇರುವುದಿಲ್ಲ, ನೋಡಿ. 1886ರಲ್ಲಿ ಕಾನ್ಸಾಸಿನ ಒಣ ಬಯಲಿನಲ್ಲಿ ಹುಲ್ಲುಮಣ್ಣಿನ ಹೆಂಟೆಗಳಿಂದ ತಾನೇ ಮನೆ ಕಟ್ಟಿಕೊಂಡು ಬೇಸಾಯ ಮಾಡಿದ. ಅದೂ ಕೈಹಿಡಿಯಲಿಲ್ಲ.

ಕೊನೆಗೆ 1890ರಲ್ಲಿ ಅಯೋವಾ ರಾಜ್ಯದ ಸಿಂಪ್ಸನ್ ಕಾಲೇಜು ಅವರನ್ನು ಸೇರಿಸಿಕೊಂಡಿತು. ಅವರು ಕಲಿಯಲು ಹೋದದ್ದು ವಿಜ್ಞಾನವಲ್ಲ. ಚಿತ್ರಕಲೆ ಮತ್ತು ಪಿಯಾನೋ! ಅವರು ಬರೆಯುತ್ತಿದ್ದ ಚಿತ್ರಗಳಲ್ಲಿ ಗಿಡ, ಎಲೆ, ಹೂಗಳೇ ಹೆಚ್ಚು. ಅವನ್ನು ಕಂಡ ಚಿತ್ರಕಲೆಯ ಶಿಕ್ಷಕಿ ಎಟ್ಟಾ ಬಡ್, ಸಸ್ಯವಿಜ್ಞಾನ ಓದುವಂತೆ ಒತ್ತಾಯಿಸಿದರು. ಅವರ ತಂದೆ ಏಮ್ಸ್ ಊರಿನ ಕೃಷಿ ಕಾಲೇಜಿನಲ್ಲಿ ತೋಟಗಾರಿಕೆಯ ಪ್ರಾಧ್ಯಾಪಕರಾಗಿದ್ದರು. 1891ರಲ್ಲಿ ಕಾರ್ವರ್ ಅಲ್ಲಿಗೆ ಸೇರಿದರು. ಆ ಕಾಲೇಜಿನ ಮೊದಲ ಕಪ್ಪು ವಿದ್ಯಾರ್ಥಿ ಅವರು. 1894ರಲ್ಲಿ ಪದವಿ, 1896ರಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಗಿಡಗಳಿಗೆ ರೋಗ ತರುವ ಶಿಲೀಂಧ್ರಗಳಲ್ಲಿ ಅವರು ನಿಪುಣರು. ಕೆಲವು ಶಿಲೀಂಧ್ರಗಳಿಗೆ ಅವರ ಹೆಸರನ್ನೇ ಇಡಲಾಗಿದೆ. ಚಿತ್ರಕಲೆಯನ್ನೂ ಬಿಡಲಿಲ್ಲ. ಅವರ ಒಂದು ಚಿತ್ರ 1893ರಲ್ಲಿ ಷಿಕಾಗೋದ ವಿಶ್ವ ಮೇಳದಲ್ಲಿ ಮೆಚ್ಚುಗೆ ಗಳಿಸಿತು. ಸ್ವಾಮಿ ವಿವೇಕಾನಂದರು ಭಾಷಣ ಮಾಡಿದ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಮೇಳದ ಸಂದರ್ಭದಲ್ಲಿ.

ಏಮ್ಸ್‌ನಲ್ಲೇ ಉಳಿದಿದ್ದರೆ ಕಾರ್ವರ್ ಒಳ್ಳೆಯ ಪ್ರಯೋಗಾಲಯದಲ್ಲಿ ನೆಮ್ಮದಿಯಾಗಿ ಶಿಲೀಂಧ್ರಗಳ ಸಂಶೋಧನೆ ಮಾಡಿಕೊಂಡಿರಬಹುದಿತ್ತು. ಆದರೆ ದಕ್ಷಿಣದ ಅಲಬಾಮಾ ರಾಜ್ಯದಿಂದ ಒಂದು ಕರೆ ಬಂತು. ಅಲ್ಲಿ ಟಸ್ಕೀಗಿ ಎಂಬ ಊರಿನಲ್ಲಿ ಬುಕರ್ ವಾಷಿಂಗ್ಟನ್ 1881ರಿಂದ ಕಪ್ಪು ಯುವಜನರ ಶಾಲೆ ನಡೆಸುತ್ತಿದ್ದರು. ಅವರೂ ಗುಲಾಮರಾಗಿ ಹುಟ್ಟಿದವರೇ. ಆ ಶಾಲೆಯ ವಿದ್ಯಾರ್ಥಿಗಳು ಇಟ್ಟಿಗೆ ಸುಟ್ಟು ತಮ್ಮ ಕಟ್ಟಡಗಳನ್ನು ತಾವೇ ಕಟ್ಟಿಕೊಂಡಿದ್ದರು. 1896ರ ಅಕ್ಟೋಬರಿನಲ್ಲಿ ಕಾರ್ವರ್ ಅಲ್ಲಿಗೆ ಹೋದರು. ಸಾಯುವವರೆಗೂ ಅಲ್ಲೇ ಇದ್ದರು.

ಅವರು ಅಲ್ಲಿ ಕಂಡದ್ದೇನು? ಕಣ್ಣು ಹಾಯುವವರೆಗೆ ಹತ್ತಿ, ಬರೀ ಹತ್ತಿ. ವರ್ಷವರ್ಷವೂ ಅದೇ ಹೊಲದಲ್ಲಿ ಅದೇ ಬೆಳೆ. ಹತ್ತಿ ಮಣ್ಣಿನ ಸಾರವನ್ನೆಲ್ಲ ಹೀರಿತ್ತು. ಮಳೆ ಬಂದಾಗ ಮೇಲ್ಮಣ್ಣು ಕೊಚ್ಚಿಹೋಗಿ ಹೊಲದ ನಡುವೆ ಆಳವಾದ ಕೊರಕಲುಗಳು ಬಿದ್ದಿದ್ದವು. ಉಳುವವರಲ್ಲಿ ಬಹುಪಾಲು ಜನ ಗುಲಾಮಗಿರಿಯಿಂದ ಬಿಡುಗಡೆಯಾದವರು ಅಥವಾ ಅವರ ಮಕ್ಕಳು. ಆದರೆ ಭೂಮಿ ಅವರದ್ದಲ್ಲ. ನಮ್ಮ ಹಳ್ಳಿಗಳಲ್ಲಿ ಕೋರು ಎನ್ನುತ್ತಾರಲ್ಲ, ಹಾಗೆ ಪಾಲಿಗೆ ಬೇಸಾಯ ಮಾಡುತ್ತಿದ್ದರು. ಬೀಜ, ಗೊಬ್ಬರ, ಊಟದ ಹಿಟ್ಟು ಎಲ್ಲವನ್ನೂ ಅಂಗಡಿಯಿಂದ ಸಾಲ ತರಬೇಕು. ಹತ್ತಿ ಮಾರಿದ ಮೇಲೆ ಬಡ್ಡಿ ಸೇರಿಸಿ ತೀರಿಸಬೇಕು. ತೀರುತ್ತಿರಲಿಲ್ಲ. ಮುಂದಿನ ವರ್ಷ ಮತ್ತೆ ಹತ್ತಿ, ಮತ್ತೆ ಸಾಲ.

ಅವರ ಊಟವನ್ನೂ ಸ್ವಲ್ಪ ನೋಡಿ. ಮೆಕ್ಕೆಜೋಳದ ಹಿಟ್ಟು, ಉಪ್ಪು ಹಚ್ಚಿದ ಹಂದಿಯ ಕೊಬ್ಬು, ಕಾಕಂಬಿ. ಮೂರು ಹೊತ್ತೂ ಇದೇ. ಮನೆಯ ಬಾಗಿಲವರೆಗೂ ಹತ್ತಿ ಹಾಕಿದ್ದರಿಂದ ಸೊಪ್ಪು ತರಕಾರಿಗೆ ಜಾಗವೇ ಇರಲಿಲ್ಲ. ಇಂಥ ಊಟ ಉಂಡವರಲ್ಲಿ ಪೆಲಗ್ರ ಎಂಬ ಕಾಯಿಲೆ ಹರಡಿತು. ಚರ್ಮ ಒಡೆಯುತ್ತದೆ, ಭೇದಿಯಾಗುತ್ತದೆ, ಬುದ್ಧಿ ಮಂಕಾಗುತ್ತದೆ, ಕೊನೆಗೆ ಸಾವೂ ಬರಬಹುದು. ಬಹಳ ಜನ ಇದನ್ನು ಅಂಟುರೋಗ ಎಂದುಕೊಂಡಿದ್ದರು. 1914ರ ನಂತರ ಜೋಸೆಫ್ ಗೋಲ್ಡ್‌ಬರ್ಗರ್ ಎಂಬ ವೈದ್ಯರು ಇದು ಊಟದ ಕೊರತೆಯಿಂದ ಬರುವ ಕಾಯಿಲೆ ಎಂದು ತೋರಿಸಿದರು. ನಯಾಸಿನ್ ಎಂಬ ವಿಟಮಿನ್ನಿನ ಕೊರತೆ ಇದಕ್ಕೆ ಕಾರಣವೆಂದು 1937ರಲ್ಲಿ ಗೊತ್ತಾಯಿತು. ಮೆಕ್ಕೆಜೋಳದಲ್ಲಿ ನಯಾಸಿನ್ ಇದ್ದರೂ ನಮ್ಮ ದೇಹಕ್ಕೆ ಸುಲಭವಾಗಿ ದಕ್ಕುವುದಿಲ್ಲ. ಕಡಲೆಕಾಯಿಯಲ್ಲಿ ಅದು ಧಾರಾಳವಾಗಿದೆ.

ಕಾರ್ವರ್ ಟಸ್ಕೀಗಿಗೆ ಬಂದಾಗ ಇದು ಯಾರಿಗೂ ತಿಳಿದಿರಲಿಲ್ಲ, ಅವರಿಗೂ ತಿಳಿದಿರಲಿಲ್ಲ. ಆದರೆ ದಣಿದ ಮಣ್ಣು, ಸಾಲ, ಕಾಯಿಲೆ ಈ ಮೂರೂ ಒಂದೇ ಗಂಟು ಎಂಬುದು ಅವರಿಗೆ ಹೊಳೆದಿತ್ತು. ಅವರ ದೊಡ್ಡತನ ಇರುವುದು ಇಲ್ಲಿ ಎಂದು ನನಗೆ ಅನಿಸುತ್ತದೆ.

ಅವರಿಗೆ ಪ್ರಯೋಗಾಲಯ ಇರಲಿಲ್ಲ. ವಿದ್ಯಾರ್ಥಿಗಳನ್ನು ಕಸದ ತಿಪ್ಪೆಗಳಿಗೆ ಕರೆದುಕೊಂಡು ಹೋಗಿ ಒಡೆದ ಸೀಸೆ, ಹಳೆಯ ಡಬ್ಬ, ತಂತಿ, ಮುಚ್ಚಳ ಆರಿಸಿ ತಂದರು. ಸೀಸೆಗಳೇ ಬೀಕರುಗಳಾದವು. ನಿಮ್ಮ ಶಾಲೆಯಲ್ಲಿ ವಿಜ್ಞಾನದ ಪೆಟ್ಟಿಗೆ ಬರಿದಾಗಿದ್ದರೆ ಇದನ್ನು ನೆನಪಿಸಿಕೊಳ್ಳಿ. ಪ್ರಯೋಗಕ್ಕೆಂದು ಸಿಕ್ಕ ಹತ್ತು ಎಕರೆಯೂ ಬರಡು ಮರಳುಭೂಮಿ. ಮೊದಮೊದಲು ಅವರೂ ಅಂಗಡಿಯ ಚೀಲದ ಗೊಬ್ಬರ ಬಳಸಿದರು. ಆದರೆ ಚೀಲ ಕೊಳ್ಳಲು ಆಗದವನಿಗೆ ಆ ಪ್ರಯೋಗದಿಂದ ಏನು ಸಿಕ್ಕೀತು? ಅದಕ್ಕೇ ದಾರಿ ಬದಲಿಸಿದರು. ಕಾಡಿನ ತರಗೆಲೆ, ಕೆರೆಕುಂಟೆಯ ಗೋಡು, ಕೊಟ್ಟಿಗೆಯ ಕಸ ಇವುಗಳನ್ನು ಪದರ ಪದರವಾಗಿ ಹಾಕಿ ಕೊಳೆಸಿ ಹೊಲಕ್ಕೆ ಹರಡಿದರು. ಆಳವಾಗಿ ಉಳುಮೆ ಮಾಡಿಸಿದರು. ಹತ್ತಿಯ ನಂತರ ಅಲಸಂದೆ ಬಿತ್ತಿದರು.

ಬೇರುಗಂಟುಗಳ ಕೆಲಸವನ್ನು ಜರ್ಮನಿಯ ವಿಜ್ಞಾನಿಗಳು ತೋರಿಸಿಕೊಟ್ಟದ್ದು 1886ರಿಂದ 1888ರ ನಡುವೆ. ಅಂದರೆ ಕಾರ್ವರ್ ಕಾಲೇಜು ಸೇರುವ ಹೊತ್ತಿಗೆ ಅದು ಬಿಸಿಬಿಸಿ ಸುದ್ದಿ. ಯುರೋಪಿನ ಆ ಹೊಸ ವಿಜ್ಞಾನವನ್ನು ಅವರು ಅಲಬಾಮಾದ ಗುಡಿಸಲಿನ ಭಾಷೆಗೆ ಇಳಿಸಿದರು. ಇಲ್ಲೊಂದು ಮಾತು ಹೇಳಲೇಬೇಕು. ದ್ವಿದಳ ಬೆಳೆ ಹಾಕಿದ ಮಾತ್ರಕ್ಕೆ ಮಣ್ಣು ಕೊಬ್ಬುವುದಿಲ್ಲ. ಕಡಲೆಕಾಯಿ ಗಿಡವನ್ನು ಬುಡಸಮೇತ ಕಿತ್ತು ಹೊಟ್ಟನ್ನೂ ಹೊರಗೆ ಸಾಗಿಸಿದರೆ ಹೆಚ್ಚಿನ ಸಾರಜನಕ ಅದರ ಜೊತೆಗೇ ಹೋಗಿಬಿಡುತ್ತದೆ. ಗಿಡದ ಉಳಿಕೆಯನ್ನು ಮಣ್ಣಿಗೆ ಸೇರಿಸಬೇಕು, ಇಲ್ಲವೇ ದನಕ್ಕೆ ತಿನ್ನಿಸಿ ಸಗಣಿಯನ್ನಾದರೂ ಹೊಲಕ್ಕೆ ಹಾಕಬೇಕು. ಅಲಸಂದೆಯ ಕಾಯಿ ಬಿಡಿಸಿಕೊಂಡು ಗಿಡವನ್ನು ಅಲ್ಲೇ ಉತ್ತುಬಿಡುವುದು ಸುಲಭ. ಕಾರ್ವರ್ ಹೆಸರಿನ ಜೊತೆ ಕಡಲೆಕಾಯಿ ಅಂಟಿಕೊಂಡಿದೆ, ನಿಜ. ಆದರೆ ಮೊದಲ ವರ್ಷಗಳಲ್ಲಿ ಅವರು ಹೆಚ್ಚು ನೆಚ್ಚಿದ್ದು ಅಲಸಂದೆ ಮತ್ತು ಗೆಣಸನ್ನು. 1903ರಲ್ಲೇ ಅಲಸಂದೆಯ ಮೇಲೆ ಕಿರುಹೊತ್ತಗೆ ತಂದರು. ದಣಿದ ಮಣ್ಣನ್ನು ಚೇತರಿಸುವ ಬಗೆ ಹೇಗೆಂಬ ಹೊತ್ತಗೆ ಬಂದದ್ದು 1905ರಲ್ಲಿ.

ಇಂಥ 44 ಕಿರುಹೊತ್ತಗೆಗಳು ಅವರ ಜೀವಮಾನದಲ್ಲಿ ಬಂದವು. ಅವುಗಳಲ್ಲಿ ಬೇಸಾಯದ ಮಾತಿನ ಪಕ್ಕದಲ್ಲೇ ಅಡುಗೆಯ ಮಾತು ಇರುತ್ತಿತ್ತು. 1916ರ ಹೊತ್ತಗೆಯಲ್ಲಿ ಕಡಲೆಕಾಯಿ ಬೆಳೆಯುವ ಬಗೆ ಮತ್ತು ಅದರ 105 ಬಗೆಯ ಅಡುಗೆ. 1918ರದ್ದರಲ್ಲಿ ಟೊಮೆಟೊ ಮತ್ತು ಅದರ 115 ಬಗೆಯ ಅಡುಗೆ! ಬೆಳೆದದ್ದನ್ನು ಮನೆಯವರು ತಿನ್ನದಿದ್ದರೆ ಅದನ್ನು ರೈತ ಮತ್ತೆ ಬೆಳೆಯುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. 1911ರಲ್ಲಿ ಊರ ಸುತ್ತಲಿನ ಬಣ್ಣದ ಜೇಡಿಮಣ್ಣಿನಿಂದಲೇ ಗೋಡೆಗೆ ಬಣ್ಣ ಮಾಡಿಕೊಳ್ಳುವುದನ್ನು ಬರೆದರು. ನಮ್ಮ ಅಜ್ಜಿಯರು ಕೆಮ್ಮಣ್ಣು ಸಾರಿಸುತ್ತಿದ್ದರಲ್ಲ, ಹಾಗೇ. ದುಡ್ಡಿಲ್ಲದೆ ಸಿಗುವುದನ್ನು ಮೊದಲು ನೋಡುವುದು ಅವರ ಕ್ರಮ.

ಆದರೆ ಓದು ಬಾರದವರಿಗೆ ಹೊತ್ತಗೆ ಏನು ಮಾಡೀತು? ಕಾರ್ವರ್ ರಜಾದಿನಗಳಲ್ಲಿ ಹೇಸರಗತ್ತೆಯ ಗಾಡಿ ಕಟ್ಟಿಕೊಂಡು ಹಳ್ಳಿಗಳಿಗೆ ಹೋಗುತ್ತಿದ್ದರು. 1906ರಲ್ಲಿ ನ್ಯೂಯಾರ್ಕಿನ ಶ್ರೀಮಂತ ಮೋರಿಸ್ ಜೆಸಪ್ ಕೊಟ್ಟ ಹಣದಿಂದ ಇದಕ್ಕೆಂದೇ ಒಂದು ಗಾಡಿ ತಯಾರಾಯಿತು. ಅದರಲ್ಲಿ ನೇಗಿಲು, ಬೀಜ, ಬೆಣ್ಣೆ ಕಡೆಯುವ ಯಂತ್ರ ಎಲ್ಲ ಇದ್ದವು. ಗಾಡಿ ನಡೆಸಿದವರು ಕಾರ್ವರರ ಶಿಷ್ಯ ಥಾಮಸ್ ಕ್ಯಾಂಪ್‌ಬೆಲ್. ಮರದ ಕೆಳಗೆ ಗಾಡಿ ನಿಲ್ಲಿಸಿ, ರೈತನ ಹೊಲದಲ್ಲೇ ಉತ್ತು ಬಿತ್ತಿ ತೋರಿಸುತ್ತಿದ್ದರು. ಚಕ್ರದ ಮೇಲಿನ ಶಾಲೆ ಎಂದರೆ ಇದೇ.

ಎಲ್ಲರೂ ಅವರ ಮಾತು ಕೇಳಿದರೇ? ಇಲ್ಲ. ಕೇಳಲು ಆಗುತ್ತಲೂ ಇರಲಿಲ್ಲ. ಭೂಮಾಲೀಕ ಹತ್ತಿಯನ್ನೇ ಹಾಕು ಎಂದರೆ ಪಾಲಿನ ರೈತ ಅಲಸಂದೆ ಹಾಕುವುದೆಲ್ಲಿಂದ? ಮಣ್ಣು ಚೇತರಿಸಲು ಮೂರು ನಾಲ್ಕು ವರ್ಷ ಬೇಕು. ಮುಂದಿನ ವರ್ಷ ಅದೇ ಹೊಲ ತನ್ನ ಕೈಯಲ್ಲಿರುತ್ತದೆ ಎಂಬ ಭರವಸೆಯೇ ಅವನಿಗಿಲ್ಲ. ವಿಜ್ಞಾನ ಸರಿಯಿತ್ತು, ನ್ಯಾಯ ಸರಿಯಿರಲಿಲ್ಲ. ಅವರ ಸಲಹೆಯಿಂದ ಹೆಚ್ಚು ಲಾಭ ಪಡೆದವರು ಅಂಗೈಯಗಲವಾದರೂ ಸ್ವಂತ ನೆಲ ಇದ್ದವರು.

ಈ ನಡುವೆ ಹತ್ತಿಯ ಮೇಲೇ ಆಪತ್ತು ಬಂತು. ಮೆಕ್ಸಿಕೋ ಕಡೆಯಿಂದ ಒಂದು ಮೂತಿಹುಳು 1892ರಲ್ಲಿ ಅಮೆರಿಕದ ಹತ್ತಿ ಹೊಲಗಳನ್ನು ಹೊಕ್ಕಿತು. ವರ್ಷದಿಂದ ವರ್ಷಕ್ಕೆ ಮುಂದೊತ್ತುತ್ತ 1910ರ ಹೊತ್ತಿಗೆ ಅಲಬಾಮಾ ತಲುಪಿತು. ನಮ್ಮ ಹತ್ತಿಯನ್ನು ಕಾಡುವ ಕಾಯಿಕೊರಕ ಬೇರೆ, ಇದು ಬೇರೆ. ಇದು ಹತ್ತಿಯ ಮೊಗ್ಗಿನಲ್ಲಿ ಮೊಟ್ಟೆಯಿಡುವ ದುಂಬಿ ಜಾತಿಯ ಕೀಟ. ಹೊಲಕ್ಕೆ ಹೊಲವೇ ಹಾಳಾಯಿತು. ಬೇರೆ ದಾರಿ ಕಾಣದ ರೈತರು ಕಡಲೆಕಾಯಿಯತ್ತ ತಿರುಗಿದರು. ಎಂಟರ್‌ಪ್ರೈಸ್ ಎಂಬ ಊರಿನವರಿಗೆ ಅದರಿಂದ ಎಷ್ಟು ಲಾಭವಾಯಿತೆಂದರೆ, ದಾರಿ ಬದಲಿಸಲು ಕಾರಣವಾದ ಹುಳುವಿಗೆ 1919ರಲ್ಲಿ ಸ್ಮಾರಕ ಕಟ್ಟಿದರು! ಬೆಳೆ ತಿಂದ ಹುಳುವಿಗೆ ಸ್ಮಾರಕ ಕಟ್ಟಿದ ಊರು ಬೇರೆಲ್ಲಾದರೂ ಇದ್ದರೆ ನನಗೆ ತಿಳಿಸಿ.

ಈಗ ಕಡಲೆಕಾಯಿ ರಾಶಿ ಬಿತ್ತು. ಕೊಳ್ಳುವವರು ಬೇಕಲ್ಲ? ಕಾರ್ವರ್ ಕಡಲೆಕಾಯಿಯಿಂದ ಹಾಲು, ಹಿಟ್ಟು, ಬಣ್ಣ, ಮುಖಕ್ಕೆ ಹಚ್ಚುವ ಕ್ರೀಮು ಹೀಗೆ ನಾನಾ ಪದಾರ್ಥ ಮಾಡಿ ತೋರಿಸಿದರು. 1921ರಲ್ಲಿ ಹೊರದೇಶದ ಕಡಲೆಕಾಯಿಯ ಮೇಲೆ ಸುಂಕ ಹಾಕಬೇಕೇ ಎಂಬ ಚರ್ಚೆ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಬಂತು. ಕಾರ್ವರರಿಗೆ ಸಿಕ್ಕದ್ದು ಹತ್ತು ನಿಮಿಷ. ಸದಸ್ಯರೊಬ್ಬರು ಅವರ ಬಣ್ಣವನ್ನು ಹಂಗಿಸಿಯೂ ಹಂಗಿಸಿದರು. ಅವರು ಸಿಟ್ಟಾಗದೆ ಚೀಲದಿಂದ ಒಂದೊಂದೇ ಸೀಸೆ ತೆಗೆದು ತೋರಿಸುತ್ತ ಹೋದರು. ಹತ್ತು ನಿಮಿಷ ಮುಗಿದರೂ ಸಮಿತಿ ಬಿಡಲಿಲ್ಲ. ಮತ್ತೆ ಮತ್ತೆ ಸಮಯ ಕೊಟ್ಟಿತು. ಮರುವರ್ಷ ಸುಂಕ ಜಾರಿಗೆ ಬಂತು. ಕಾರ್ವರ್ ದೇಶಕ್ಕೆಲ್ಲ ಹೆಸರಾದರು.

ಹೆಸರು ಬಂದಾಗ ಕಟ್ಟುಕಥೆಗಳೂ ಬರುತ್ತವೆ. ಕಡಲೆಕಾಯಿ ಬೆಣ್ಣೆಯನ್ನು ಕಂಡುಹಿಡಿದವರು ಕಾರ್ವರ್ ಎಂದು ನೀವು ಎಲ್ಲಾದರೂ ಓದಿದ್ದರೆ ಅದು ತಪ್ಪು. ದಕ್ಷಿಣ ಅಮೆರಿಕದ ಜನ ಶತಮಾನಗಳ ಹಿಂದೆಯೇ ಕಡಲೆಕಾಯಿಯನ್ನು ಅರೆದು ತಿನ್ನುತ್ತಿದ್ದರು. ಕೆನಡಾದ ಎಡ್ಸನ್ ಎಂಬುವರು ಅಂಥ ಪೇಸ್ಟಿಗೆ 1884ರಲ್ಲೇ ಪೇಟೆಂಟ್ ಪಡೆದಿದ್ದರು. ಕಾರ್ವರ್ ಕಡಲೆಕಾಯಿಯಿಂದ 300 ಪದಾರ್ಥ ಮಾಡಿದರು ಎಂಬ ಪಟ್ಟಿಯಲ್ಲಿ ಅಡುಗೆಗಳೇ ಬಹಳ. ಅಂಗಡಿಗೆ ಬಂದು ನಿಂತವು ತೀರ ಕಡಿಮೆ. ಅವರು ಪಡೆದ ಪೇಟೆಂಟುಗಳು ಮೂರೇ ಮೂರು. 1930ರ ದಶಕದಲ್ಲಿ ಪೋಲಿಯೋ ಆದವರ ಕೈಕಾಲುಗಳಿಗೆ ಅವರು ಕಡಲೆಕಾಯಿ ಎಣ್ಣೆ ಹಚ್ಚಿ ನೀವುತ್ತಿದ್ದರು. ಪತ್ರಿಕೆಯಲ್ಲಿ ಸುದ್ದಿ ಬಂದ ಮೇಲೆ ಜನ ಸಾಲುಗಟ್ಟಿ ಬಂದರು. ಕೆಲವರಿಗೆ ಹಾಯೆನಿಸಿತು. ಆದರೆ ಆ ಗುಣ ನೀವುವುದರದ್ದು, ಎಣ್ಣೆಯದ್ದಲ್ಲ. ಪೋಲಿಯೋ ವೈರಸ್ಸಿಗೆ ಕಡಲೆಕಾಯಿ ಎಣ್ಣೆ ಔಷಧವಲ್ಲ. ಅದಕ್ಕೆ ಲಸಿಕೆಯೇ ಬೇಕು, ಆ ಲಸಿಕೆ ಬಂದದ್ದು 1955ರಲ್ಲಿ.

ನಮ್ಮ ದೇಶಕ್ಕೂ ಅವರಿಗೂ ಒಂದು ಎಳೆ ಇದೆ. ಗಾಂಧೀಜಿಯ ಆಪ್ತರಾದ ಸಿ.ಎಫ್. ಆಂಡ್ರೂಸ್ 1929ರಲ್ಲಿ ಟಸ್ಕೀಗಿಗೆ ಹೋಗಿದ್ದರು. ಆಗಿನಿಂದ ಗಾಂಧೀಜಿಗೂ ಕಾರ್ವರರಿಗೂ ಪತ್ರವ್ಯವಹಾರ ನಡೆಯಿತು. ವಿಷಯ, ಬಡವರಿಗೂ ಎಟುಕುವ ಪುಷ್ಟಿಯಾದ ಸಸ್ಯಾಹಾರ.

ಕಾರ್ವರ್ ಮದುವೆಯಾಗಲಿಲ್ಲ. ಹಳೆಯ ಕೋಟು, ಅದರ ಮೇಲೊಂದು ತಾಜಾ ಹೂ, ಇಷ್ಟೇ ಅವರ ಸಿಂಗಾರ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಆಹಾರದ ಕೊರತೆ ಕಂಡಾಗ, 1942ರಲ್ಲಿ ಹೊಲದಂಚಿನಲ್ಲಿ ತಾನಾಗಿ ಬೆಳೆಯುವ ಬೆರಕೆ ಸೊಪ್ಪುಗಳ ಬಗ್ಗೆ ಒಂದು ಹೊತ್ತಗೆ ತಂದರು. ಕಳೆ ಎಂದು ಕಿತ್ತೆಸೆಯುವ ಗಿಡಗಳಲ್ಲಿ ಯಾವುದನ್ನು ಬೇಯಿಸಿ ತಿನ್ನಬಹುದು ಎಂದು ಅದರಲ್ಲಿ ತಿಳಿಸಿದ್ದರು. 1943ರ ಜನವರಿ 5ರಂದು ತೀರಿಕೊಂಡರು. ಕೂಡಿಟ್ಟಿದ್ದ ಸುಮಾರು 60,000 ಡಾಲರುಗಳನ್ನು ಕೃಷಿ ಸಂಶೋಧನೆಗೆಂದು ಬಿಟ್ಟುಹೋದರು. ಟಸ್ಕೀಗಿಯಲ್ಲಿ ಬುಕರ್ ವಾಷಿಂಗ್ಟನ್ನರ ಸಮಾಧಿಯ ಪಕ್ಕದಲ್ಲೇ ಅವರನ್ನು ಮಣ್ಣು ಮಾಡಿದರು.

ಅದೇ ವರ್ಷ ಜುಲೈನಲ್ಲಿ ಅಮೆರಿಕ ಸರ್ಕಾರ ಮೋಸೆಸ್ ಕಾರ್ವರನ ಹೊಲವನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿತು. ಕಪ್ಪು ಮನುಷ್ಯರೊಬ್ಬರ ಹೆಸರಿನಲ್ಲಿ ಆ ದೇಶದಲ್ಲಿ ಆದ ಮೊದಲ ರಾಷ್ಟ್ರೀಯ ಸ್ಮಾರಕ ಅದು. ಸೊರಗಿದ ಹುಡುಗ ಬಾಡಿದ ಗಿಡಗಳನ್ನು ಹೊತ್ತು ಓಡಾಡುತ್ತಿದ್ದ ಕಾಡು, ತೊರೆ ಈಗಲೂ ಅಲ್ಲಿವೆ. ಕಾಲುದಾರಿಯಲ್ಲಿ ಶಾಲೆಯ ಮಕ್ಕಳು ಓಡಾಡುತ್ತಾರೆ.